ಆ್ಯನ್ ಆಫ್ ಗ್ರೀನ್ ಗೇಬಲ್ಸ್: ಅಗ್ಗದ ಪ್ರತಿ, ಹಳೆಯ ಪ್ರತಿ, ಫೋನಿನ ಪ್ರತಿ

ಲೂಸಿ ಮಾಡ್ ಮಾಂಟ್ಗೊಮರಿ ಅವರ ‘ಆ್ಯನ್ ಆಫ್ ಗ್ರೀನ್ ಗೇಬಲ್ಸ್’ ಕಾದಂಬರಿಯನ್ನು ಮನೆಯ ಮಕ್ಕಳ ಕೈಗೆ ಕೊಡಬೇಕೆಂದಿರುವವರು ಪೂರ್ಣ ಪಠ್ಯವಿರುವ ಕಾಗದದ ಪ್ರತಿಯನ್ನೇ ಕೊಳ್ಳಬೇಕು, ಅದು ಸೆಕೆಂಡ್ ಹ್ಯಾಂಡ್ ಆದರೂ ಚಿಂತೆಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಕ್ಕನ ಮಗಳಿಗೆಂದು ಆನ್‌ಲೈನ್‌ನಲ್ಲಿ ತರಿಸಿದ ಹೊಸ ಅಗ್ಗದ ಪ್ರತಿ, ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ಪ್ರತಿ, ಹಳೆಯ ಪುಸ್ತಕಗಳನ್ನು ಉಚಿತವಾಗಿ ಕೊಡುವ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಿಂದ ಫೋನಿಗೆ ಇಳಿಸಿಕೊಂಡ ಪ್ರತಿ, ಪುಸ್ತಕಗಳನ್ನು ಓದಿ ಕೇಳಿಸುವ ಲಿಬ್ರಿವಾಕ್ಸ್ ಜಾಲತಾಣದ ಧ್ವನಿಮುದ್ರಣ, ಈ ನಾಲ್ಕನ್ನೂ ಓದಿ, ಕೇಳಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಕಾದಂಬರಿ ಮೊದಲು ಪ್ರಕಟವಾದದ್ದು 1908ರಲ್ಲಿ. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಒಂದು ಹಳ್ಳಿಯಲ್ಲಿ ಮದುವೆಯಾಗದೆ ವಯಸ್ಸಾದ ಅಣ್ಣ ತಂಗಿ, ಮ್ಯಾಥ್ಯೂ ಮತ್ತು ಮರಿಲಾ, ಹೊಲದ ಕೆಲಸಕ್ಕೆ ನೆರವಾಗಲೆಂದು ಅನಾಥಾಲಯದಿಂದ ಗಂಡುಹುಡುಗನನ್ನು ಕಳಿಸಲು ಹೇಳಿದ್ದರೆ, ಬಂದಿಳಿಯುವವಳು ಹನ್ನೊಂದು ವರ್ಷದ, ಕೆಂಗೂದಲಿನ, ಮಾತು ನಿಲ್ಲಿಸದ ಹುಡುಗಿ ಆ್ಯನ್. ರಕ್ತಸಂಬಂಧವಿಲ್ಲದ ಈ ಮೂವರು ಒಬ್ಬರಿಗೊಬ್ಬರು ಮನೆಯವರಾಗುವುದೇ ಕಥೆ. ಲೇಖಕಿ ತೀರಿಕೊಂಡದ್ದು 1942ರಲ್ಲಿ. ನಮ್ಮ ಕಾನೂನಿನ ಪ್ರಕಾರ ಹಕ್ಕುಸ್ವಾಮ್ಯ ಲೇಖಕರ ಮರಣದ ನಂತರ 60 ವರ್ಷ ಉಳಿಯುವುದರಿಂದ ಈಗ ಇದನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಅಂಗಡಿಗಳಲ್ಲಿ ತರಹೇವಾರಿ ಅಗ್ಗದ ಪ್ರತಿಗಳು ತುಂಬಿರುವುದಕ್ಕೆ ಇದೇ ಕಾರಣ.

ನನಗೆ ಬಂದ ಅಗ್ಗದ ಪ್ರತಿಯ ರಟ್ಟು ಚೆನ್ನಾಗಿತ್ತು, ಕಾಗದ ಬೆಳ್ಳಗಿತ್ತು, ಅಕ್ಷರಗಳು ದೊಡ್ಡದಾಗಿದ್ದವು. ಅದು ಸಂಕ್ಷಿಪ್ತ ಆವೃತ್ತಿ ಎಂಬ ಮಾತು ಮಾತ್ರ ಮಾರಾಟದ ಪುಟದಲ್ಲಾಗಲೀ ಹೊದಿಕೆಯ ಮೇಲಾಗಲೀ ಇರಲಿಲ್ಲ. ಅಕ್ಕನ ಮಗಳು ಅದನ್ನು ಬೇಗನೆ ಓದಿ ಮುಗಿಸಿ, “ಚಿಕ್ಕಮ್ಮ, ವಾಪಸ್ ಬಿಟ್ಟು ಬರ್ತೀನಿ ಅಂತ ಗಾಡಿ ಹತ್ತಿಸಿಕೊಂಡು ಹೋದ ಮರಿಲಾ ಅವಳನ್ನ ಯಾಕೆ ಮನೆಗೆ ಕರಕೊಂಡು ಬಂದಳು?” ಎಂದು ಕೇಳಿದಾಗಲೇ ಏನೋ ಕಾಣೆಯಾಗಿದೆ ಎಂದು ನನಗೆ ಅನ್ನಿಸಿತು. ಗುಟೆನ್‌ಬರ್ಗ್ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಮೂಲದಲ್ಲಿ ಐದು ಮತ್ತು ಆರನೆಯ ಅಧ್ಯಾಯಗಳು ಈ ಪ್ರಶ್ನೆಗೆ ಉತ್ತರವಾಗಿಯೇ ಇವೆ. ಕಡಲ ದಂಡೆಯ ದಾರಿಯಲ್ಲಿ ಗಾಡಿ ಸಾಗುತ್ತಿರುವಾಗ ಆ್ಯನ್ ತನ್ನ ಹಿಂದಿನ ಬದುಕನ್ನು ಹೇಳಿಕೊಳ್ಳುತ್ತಾಳೆ. ಹಸುಗೂಸಾಗಿದ್ದಾಗಲೇ ತಂದೆ ತಾಯಿ ಜ್ವರದಿಂದ ಸತ್ತದ್ದು, ಕಂಡವರ ಮನೆಗಳಲ್ಲಿ ಅವರ ಮಕ್ಕಳನ್ನು ಎತ್ತಿ ಆಡಿಸುತ್ತ ಬೆಳೆದದ್ದು ಎಲ್ಲ ಅಲ್ಲಿ ಬರುತ್ತದೆ. ಅವರು ನಿನ್ನನ್ನು ಚೆನ್ನಾಗಿ ನೋಡಿಕೊಂಡರೇ ಎಂದು ಮರಿಲಾ ಕೇಳಿದರೆ, ಹುಡುಗಿ ದೂರು ಹೇಳದೆ, ನೋಡಿಕೊಳ್ಳಬೇಕೆಂಬ ಮನಸ್ಸು ಅವರಿಗಿತ್ತು ಎಂಬರ್ಥದ ಉತ್ತರ ಕೊಡುತ್ತಾಳೆ. ಮುಂದೆ ಮನೆಗೆಲಸಕ್ಕೆ ಹುಡುಗಿಯೊಬ್ಬಳನ್ನು ಹುಡುಕುತ್ತಿದ್ದ ಗಡುಸು ಹೆಂಗಸೊಬ್ಬಳು ಆ್ಯನ್‌ಳನ್ನು ಮೇಲಿಂದ ಕೆಳಗೆ ಅಳೆದು ನೋಡಿದಾಗ, ಮಗುವಿನ ಬಿಳಿಚಿಕೊಂಡ ಮುಖ ಕಂಡ ಮರಿಲಾಳಿಗೆ ಕೊಟ್ಟು ಬರಲು ಮನಸ್ಸಾಗುವುದಿಲ್ಲ. ನನ್ನ ಅಗ್ಗದ ಪ್ರತಿಯಲ್ಲಿ ಇದಿಷ್ಟೂ ‘ಮರಿಲಾ ಮನಸ್ಸು ಬದಲಿಸಿದಳು’ ಎಂಬ ಒಂದು ವಾಕ್ಯಕ್ಕೆ ಇಳಿದಿತ್ತು.

ಇಪ್ಪತ್ತೈದನೆಯ ಅಧ್ಯಾಯದ ಗತಿಯೂ ಹೀಗೆಯೇ ಆಗಿತ್ತು. ಉಳಿದ ಹುಡುಗಿಯರ ನಡುವೆ ಆ್ಯನ್‌ಳ ಉಡುಗೆ ಮಾತ್ರ ಬೇರೆಯಾಗಿದೆ ಎಂಬುದು ಹೆಣ್ಣುಮಕ್ಕಳ ಬಟ್ಟೆಬರೆ ಏನೂ ತಿಳಿಯದ ಮ್ಯಾಥ್ಯೂನ ಕಣ್ಣಿಗೆ ನಿಧಾನವಾಗಿ ಬೀಳುವುದು, ಉಬ್ಬುತೋಳಿನ ಉಡುಪು ತರಲೆಂದು ಅಂಗಡಿಗೆ ಹೋದವನು ಅಲ್ಲಿ ವ್ಯಾಪಾರಕ್ಕೆ ನಿಂತ ಹೆಣ್ಣುಮಗಳ ಮುಂದೆ ಮಾತು ಹೊರಡದೆ ಚಳಿಗಾಲದಲ್ಲಿ ಯಾರಿಗೂ ಬೇಡದ ತೋಟದ ಸಲಕರಣೆಯನ್ನೂ 20 ಪೌಂಡ್ ಕಂದು ಸಕ್ಕರೆಯನ್ನೂ ಹೊತ್ತು ಮರಳುವುದು, ಕೊನೆಗೆ ನೆರೆಯ ರೇಚಲ್ ಲಿಂಡ್ ಬಳಿ ಹೋಗಿ ಹೊಲಿಸಿಕೊಡಿ ಎಂದು ಕೇಳುವುದು, ಇವೆಲ್ಲ ಸಂಕ್ಷಿಪ್ತ ಪ್ರತಿಯಲ್ಲಿ ಇಲ್ಲ. ಕ್ರಿಸ್‌ಮಸ್‌ಗೆ ಮ್ಯಾಥ್ಯೂ ಹೊಸ ಉಡುಪು ಕೊಡಿಸಿದ ಎಂದಷ್ಟೇ ಇದೆ. ಮಗಳಲ್ಲದವಳಿಗೆ ಒಬ್ಬ ನಾಚಿಕೆಯ ಮುದುಕ ತಂದೆಯಾಗುವುದು ಇಂಥ ಪಡಿಪಾಟಲಿನಲ್ಲಿಯೇ. ಕಥೆಯನ್ನು ಚುಟುಕು ಮಾಡುವವರು ಮೊದಲು ಕತ್ತರಿ ಹಾಕುವುದು ಘಟನೆ ಕಡಿಮೆಯಿರುವ ಪುಟಗಳಿಗೆ. ಈ ಕಾದಂಬರಿಯಲ್ಲಾದರೋ ಸಂಬಂಧ ಬೆಳೆಯುವುದು ಅಂಥ ಪುಟಗಳಲ್ಲಿ. ಹಾಗಾಗಿ ಸ್ಲೇಟು ಒಡೆದ ಪ್ರಸಂಗ, ಕೂದಲು ಹಸಿರಾದ ಪ್ರಸಂಗ ಉಳಿದುಕೊಂಡು, ಅವಳು ಆ ಮನೆಯವಳಾದ ಬಗೆ ಮಾತ್ರ ಮಾಯವಾಗಿತ್ತು. ಕೊನೆಯ ಅಧ್ಯಾಯಕ್ಕೆ ಬಂದಾಗ ಈ ನಷ್ಟ ದೊಡ್ಡದಾಗಿ ಕಾಣುತ್ತದೆ. ಮ್ಯಾಥ್ಯೂ ತೀರಿಕೊಂಡು, ಮರಿಲಾಳ ದೃಷ್ಟಿ ಮಂದವಾಗಿ, ಮನೆ ಮಾರಬೇಕಾದ ಸ್ಥಿತಿ ಬಂದಾಗ ಆ್ಯನ್ ಗಳಿಸಿದ್ದ ವಿದ್ಯಾರ್ಥಿವೇತನವನ್ನು ಬಿಟ್ಟು ಉಳಿಯುತ್ತಾಳೆ. ಒಮ್ಮೆ ಅವರಿಂದ ಆಯ್ಕೆಯಾದವಳು ಈಗ ತಾನೇ ಅವರನ್ನು ಆರಿಸಿಕೊಳ್ಳುತ್ತಾಳೆ. ಮೊದಲಿನದು ಇಲ್ಲದಿದ್ದರೆ ಎರಡನೆಯದು ಬರೀ ತ್ಯಾಗದ ಕಥೆಯಂತೆ ಕೇಳಿಸುತ್ತದೆ.

ಕೊಳ್ಳುವ ಮುನ್ನ ಪರೀಕ್ಷಿಸುವುದು ಸುಲಭ. ಪೂರ್ಣ ಕಾದಂಬರಿಯಲ್ಲಿ 38 ಅಧ್ಯಾಯಗಳಿವೆ. ಮೊದಲ ಮೂರು ಅಧ್ಯಾಯಗಳ ಹೆಸರುಗಳು ಕ್ರಮವಾಗಿ ರೇಚಲ್ ಲಿಂಡ್, ಮ್ಯಾಥ್ಯೂ, ಮರಿಲಾ ಅಚ್ಚರಿಗೊಂಡರು ಎಂದು ಹೇಳುತ್ತವೆ. ಮೊದಲ ವಾಕ್ಯವಂತೂ ತೊರೆಯ ಜೊತೆ ಹರಿಯುತ್ತ ಒಂದು ಪ್ಯಾರಾದಷ್ಟು ಉದ್ದವಾಗಿದೆ; ಅದು ತುಂಡು ತುಂಡು ವಾಕ್ಯಗಳಾಗಿದ್ದರೆ ಪುಸ್ತಕವನ್ನು ಅಲ್ಲಿಯೇ ಬಿಟ್ಟು ಬನ್ನಿ.

ಗುಟೆನ್‌ಬರ್ಗ್ ಪ್ರತಿಯಲ್ಲಿ ಪಠ್ಯ ಪೂರ್ಣವಾಗಿದೆ, ಕಾಸಿನ ಖರ್ಚಿಲ್ಲ, ಅಕ್ಷರವನ್ನು ನಮಗೆ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಬಸ್ಸಿನಲ್ಲಿ ನಾನು ಓದಿದ್ದು ಇದನ್ನೇ. ಆದರೆ ಮಲಗುವ ಹೊತ್ತಿನಲ್ಲಿ ಮಗಳ ಕೈಗೆ ಫೋನು ಕೊಡಲು ಅಕ್ಕನಿಗೆ ಇಷ್ಟವಿಲ್ಲ, ಆ ಮಾತಿಗೆ ನನ್ನ ಒಪ್ಪಿಗೆಯೂ ಇದೆ. ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಓದಿದ ಒಂದಕ್ಕಿಂತ ಹೆಚ್ಚು ಧ್ವನಿಮುದ್ರಣಗಳು ಉಚಿತವಾಗಿ ಸಿಗುತ್ತವೆ. ಅಡುಗೆ ಮಾಡುತ್ತ ಕೇಳಲು ಹಿತ, ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಗುವಿಗೆ ಮಾತ್ರ ವೇಗ ಹೆಚ್ಚು.

ಚರ್ಚ್ ಸ್ಟ್ರೀಟ್‌ನ ಪ್ರತಿಗೆ ಕೊಟ್ಟದ್ದು ಆ ಹೊಸ ಅಗ್ಗದ ಪ್ರತಿಗಿಂತ 40 ರೂಪಾಯಿ ಹೆಚ್ಚು. ಹಾಳೆಗಳು ಹಳದಿಯಾಗಿವೆ, ಅಕ್ಷರ ಸಣ್ಣದು, ಬೆನ್ನಿನ ಅಂಟು ಒಂದೆಡೆ ಬಿಟ್ಟಿದೆ. ಅಧ್ಯಾಯಗಳು ಮಾತ್ರ ಒಂದೂ ಬಿಡದಂತೆ ಇವೆ. ನಾನೂ ಅಕ್ಕನ ಮಗಳೂ ಸರದಿಯಲ್ಲಿ ಗಟ್ಟಿಯಾಗಿ ಓದುವ ಅಭ್ಯಾಸದವರು. ಕಷ್ಟದ ಪದ ಬಂದಾಗ ಅಂಚಿನಲ್ಲಿ ಪೆನ್ಸಿಲಿನಿಂದ ಅರ್ಥ ಬರೆದುಕೊಂಡು ಮುಂದೆ ಹೋಗಲು ಕಾಗದದ ಪುಸ್ತಕವೇ ಅನುಕೂಲ. ಮನೆಯಲ್ಲಿ ಜೊತೆಗೆ ಕೂತು ಓದುವವರಿಲ್ಲದಿದ್ದರೆ, ಅಥವಾ ತಿಂಗಳ ಖರ್ಚಿನಲ್ಲಿ ಪುಸ್ತಕಕ್ಕೆ ಜಾಗವಿಲ್ಲದಿದ್ದರೆ, ಗುಟೆನ್‌ಬರ್ಗ್ ಪ್ರತಿಯನ್ನು ನಿಸ್ಸಂಕೋಚವಾಗಿ ಆರಿಸಿಕೊಳ್ಳಿ. 1909ರಲ್ಲಿ ಬಂದ ಮುಂದಿನ ಭಾಗ ‘ಆ್ಯನ್ ಆಫ್ ಅವೊನ್ಲಿ’ ಕೂಡ ಅಲ್ಲಿ ಉಚಿತವಾಗಿಯೇ ಇರುವುದರಿಂದ, ಮೊದಲನೆಯದನ್ನು ಮಗು ಮೆಚ್ಚುವ ಮೊದಲೇ ಇಡೀ ಸರಣಿಯ ಪೆಟ್ಟಿಗೆಗೆ ಹಣ ಹಾಕಬೇಡಿ.