ಮಡಿಕೇರಿಯಲ್ಲಿ ವಕೀಲರ ಕಚೇರಿ: ದೊಡ್ಡ ಜಾಗವೋ, ಎಐ ಜೊತೆ ಒಂದೇ ಕೋಣೆಯೋ?

ತೀರ್ಪು ಹುಡುಕಲು, ಕರಡು ಬರೆಯಲು ಎಐ ಬಂದಮೇಲೆ ಪುಸ್ತಕದ ಕಪಾಟು, ಟೈಪಿಸ್ಟ್ ಮೇಜಿಗೆಂದು ಹೆಚ್ಚು ಬಾಡಿಗೆ ಕಟ್ಟಬೇಕಿಲ್ಲ. ಬರೀ ಕರಾರು, ನೋಟಿಸ್ ಕೆಲಸವಾದರೆ ಒಂದು ಕೋಣೆ ಸಾಕು.

ಕೊಡಗಿನ ಮನೆತನಗಳಿಗೆ ತಲೆಮಾರುಗಳಿಂದ ಬಂದ ಜಮ್ಮಾ ಭೂಮಿಯ ವ್ಯಾಜ್ಯವಾದರೆ ಮಾತೇ ಬೇರೆ. ಪಹಣಿಯಲ್ಲಿ ಪಟ್ಟೇದಾರರ (ಮನೆತನದ ಹಿರಿಯರ) ಹೆಸರು ಕಂಡರೂ ಹಕ್ಕು ಇಡೀ ಒಕ್ಕದ್ದು, ಅಂದರೆ ಮನೆತನದ್ದು. ಎಐ ಅವರೊಬ್ಬರನ್ನೇ ಮಾಲೀಕರೆಂದು ಬರೆದುಬಿಡಬಹುದು. ಕೈಬರಹದ ಹಳೆ ದಾಖಲೆ ಸ್ಕ್ಯಾನ್ ಮಾಡಿ ಓದಿಸಿದರೆ ಸರ್ವೆ ನಂಬರಿನ 1 ಹೋಗಿ 7 ಆಗುವುದುಂಟು. ಮೂಲಪ್ರತಿ ಹರಡಲು ಉದ್ದ ಮೇಜು, ಒಕ್ಕದ ಆರೇಳು ಮಂದಿ ಕೂರಲು ಕುರ್ಚಿ, ಮಳೆಗಾಲದ ತೇವ ತಾಗದ ಬೀರು ಬೇಕೇ ಬೇಕು. ಇಲ್ಲಿ ದೊಡ್ಡ ಜಾಗವೇ ಸರಿ.

ಎರಡರಲ್ಲೂ, ಎಐ ಕೊಟ್ಟ ತೀರ್ಪನ್ನು ನ್ಯಾಯಾಲಯದ ಜಾಲತಾಣದಲ್ಲಿ ತೆರೆದು ಓದಿಯೇ ಉಲ್ಲೇಖಿಸಿ. ಚಾಟ್‌ಜಿಪಿಟಿ ಕಟ್ಟಿದ ಸುಳ್ಳು ತೀರ್ಪುಗಳನ್ನು ಸಲ್ಲಿಸಿದ್ದಕ್ಕೆ 2023ರಲ್ಲಿ ನ್ಯೂಯಾರ್ಕಿನ ವಕೀಲರಿಗೆ 5,000 ಡಾಲರ್ ದಂಡ ಬಿತ್ತು.