ಬಾಕ್ಸಿನ ಕೆಂಪು ಲೈಟು ನಂಬಿ ಟಿವಿ ಕಳೆದುಕೊಂಡೆ

ಎಕ್ಸ್‌ಟೆನ್ಷನ್ ಬಾಕ್ಸಿನ ಮೇಲೆ ‘ಸ್ಪೈಕ್ ಗಾರ್ಡ್’ ಅಂತ ಬರೆದಿದೆ, ಲೈಟು ಉರಿಯುತ್ತಿದೆ, ಹಾಗಾಗಿ ಟಿವಿಗೆ ಏನೂ ಆಗಲ್ಲ ಅಂತ ಯಾರಾದರೂ ನೆಮ್ಮದಿಯಾಗಿದ್ದರೆ ದಯವಿಟ್ಟು ಇದನ್ನು ಓದಿ. ಕಳೆದ ಏಪ್ರಿಲ್‌ವರೆಗೆ ನಾನೂ ಹಾಗೇ ಇದ್ದೆ.

ನಮ್ಮದು ತೀರ್ಥಹಳ್ಳಿ ಹತ್ತಿರ ತೋಟದ ಮನೆ. ಕರೆಂಟಿನ ಲೈನು ಎರಡು ತೋಟ, ಒಂದು ಗುಡ್ಡ ದಾಟಿ ಬರುತ್ತದೆ. ಹೊರಗಿನವರು ಮಲೆನಾಡು ಅಂದರೆ ಜುಲೈ ಮಳೆಗೆ ಹೆದರುತ್ತಾರೆ. ಕರೆಂಟಿನ ಸಾಮಾನು ಇಟ್ಟುಕೊಂಡವರು ಹೆದರಬೇಕಾದ್ದು ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ. ಅದರಲ್ಲಿ ನೀರಿಗಿಂತ ಗುಡುಗು ಸಿಡಿಲೇ ಜಾಸ್ತಿ.

ಅವತ್ತು ಸಿಡಿಲು ನಮ್ಮ ಮನೆಗೆ ಬೀಳಲಿಲ್ಲ. ಗುಡ್ಡದ ಆಚೆ ಎಲ್ಲೋ ಬಿತ್ತು. ಮಿಂಚು ಹೊಡೆದು ಒಂದು ಮೂರು ಸೆಕೆಂಡು ಕಳೆದ ಮೇಲೆ ಗುಡುಗು ಬಂತು, ಅಂದರೆ ಸುಮಾರು ಒಂದು ಕಿಲೋಮೀಟರ್ ದೂರ. ಆದರೆ ಮಿಂಚಿದ ಕ್ಷಣಕ್ಕೇ ಹಾಲ್‌ನಲ್ಲಿ ‘ಟಪ್’ ಅಂತ ಸದ್ದಾಯಿತು. ಟಿವಿ ಕಪ್ಪಾಯಿತು. ರೂಟರ್ ಅಡಾಪ್ಟರಿನಿಂದ ಸುಟ್ಟ ವಾಸನೆ. ಇನ್ವರ್ಟರ್ ಕುಯ್ಯೋ ಅಂತ ಕೂಗಿ ಸುಮ್ಮನಾಯಿತು. ತಮಾಷೆ ಅಂದರೆ ಫ್ಯಾನು ತಿರುಗುತ್ತಲೇ ಇತ್ತು. ಫ್ಯೂಸೂ ಹೋಗಿರಲಿಲ್ಲ. ಟಿವಿ, ರೂಟರ್ ಸಿಕ್ಕಿಸಿದ್ದ ಬಿಳಿ ಬಾಕ್ಸಿನ ಕೆಂಪು ಲೈಟು ಚೆನ್ನಾಗಿ ಉರಿಯುತ್ತಿತ್ತು.

ಟಿವಿ ಬೋರ್ಡಿಗೆ 13,500, ಇನ್ವರ್ಟರಿಗೆ 5,200, ರೂಟರಿಗೆ 2,300. ಲ್ಯಾಪ್‌ಟಾಪ್ ಉಳಿಯಿತು, ಯಾಕೆಂದರೆ ಅದರ ಚಾರ್ಜರನ್ನು ನಾನು ಸಿಕ್ಕಿಸಿರಲೇ ಇಲ್ಲ.

ಬಾಕ್ಸನ್ನು ಶಿವಮೊಗ್ಗದ ಒಂದು ಅಂಗಡಿಯಲ್ಲಿ ತಗೊಂಡಿದ್ದೆ. ‘ಸಿಡಿಲು ಹೊಡೆದರೂ ಏನೂ ಆಗಲ್ಲ ಸರ್’ ಅಂದಿದ್ದರು. ಹೋಗಿ ಕೇಳಿದೆ. ‘ವಾರಂಟಿ ಬಾಕ್ಸಿಗೆ ಸರ್, ಟಿವಿಗಲ್ಲ. ಬಾಕ್ಸ್ ಸರಿ ಇದೆಯಲ್ಲ?’ ಅಂದರು. ಬಾಕ್ಸ್ ಸರಿಯೇ ಇತ್ತು. ಏನು ಹೇಳೋದು?

ಮಾರನೇ ದಿನ ನಮ್ಮೂರಿನ ಎಲೆಕ್ಟ್ರಿಷಿಯನ್ ಬಂದು ಆ ಬಾಕ್ಸ್ ಬಿಚ್ಚಿದರು. ಒಂದು ನಿಮಿಷ ನೋಡಿ ನಕ್ಕರು. ‘ಇದ್ರೊಳಗೆ ಎಂತದೂ ಇಲ್ಲ ಮಾರಾಯ್ರೇ! ಸ್ವಿಚ್ಚು, ಹಿತ್ತಾಳೆ ಪಟ್ಟಿ, ಒಂದು ಲೈಟು. ಅಷ್ಟೇ.’

ಇರಬೇಕಾದ್ದು ವೇರಿಸ್ಟರ್ ಅನ್ನುವ ಸಣ್ಣ ಬಿಲ್ಲೆ. ಹಳೇ ನಾಲ್ಕಾಣೆ ನಾಣ್ಯದಷ್ಟು ಇರುತ್ತದೆ, ಹೆಚ್ಚಾಗಿ ನೀಲಿ ಬಣ್ಣ, ಒಳಗೆ ಸತುವಿನ ಆಕ್ಸೈಡ್. 230 ವೋಲ್ಟಿಗೆ ಅದು ಸುಮ್ಮನೆ ಕೂತಿರುತ್ತದೆ. ವೋಲ್ಟೇಜ್ ಒಮ್ಮೆಲೇ ಮೇಲೆ ಹಾರಿದರೆ ನ್ಯಾನೋಸೆಕೆಂಡುಗಳಲ್ಲಿ ದಾರಿ ಬಿಟ್ಟು, ಹೆಚ್ಚಿನ ಕರೆಂಟನ್ನು ಟಿವಿಯ ಕಡೆಗೆ ಬಿಡದೆ ನ್ಯೂಟ್ರಲ್‌ಗೋ ಅರ್ತ್‌ಗೋ ತಿರುಗಿಸುತ್ತದೆ. ನಮ್ಮ ಬಾಕ್ಸಿನ ಲೈಟು ಹೇಳುತ್ತಿದ್ದುದು ಕರೆಂಟ್ ಇದೆ ಅಂತ ಮಾತ್ರ. ಅದನ್ನೇ ನಾನು ರಕ್ಷಣೆ ಇದೆ ಅಂತ ಓದಿಕೊಂಡಿದ್ದೆ.

ಬಾಕ್ಸಿನ ಬೆನ್ನಿಗೆ ‘6 ಆಂಪ್, 240 ವೋಲ್ಟ್, 1440 ವ್ಯಾಟ್’ ಅಂತ ಅಚ್ಚಾಗಿತ್ತು. ಅದನ್ನೂ ನಾನು ತಪ್ಪಾಗಿಯೇ ತಿಳಿದಿದ್ದೆ. ಅದು ಎಷ್ಟು ಲೋಡು ಹಾಕಬಹುದು ಅನ್ನುವ ಲೆಕ್ಕ. ಸರ್ಜ್‌ಗೂ, ಅಂದರೆ ವೋಲ್ಟೇಜ್ ಹೀಗೆ ಒಮ್ಮೆಲೇ ಹಾರುವುದಕ್ಕೂ, ಅದಕ್ಕೂ ಸಂಬಂಧವೇ ಇಲ್ಲ. ಪೆಟ್ಟಿಗೆ ಮೇಲೆ ಇಷ್ಟೇ ಬರೆದಿದ್ದು, ಜೂಲ್ ಎಷ್ಟು, ಕ್ಲ್ಯಾಂಪಿಂಗ್ ವೋಲ್ಟೇಜ್ ಎಷ್ಟು (ಇವೆರಡು ಏನು ಅಂತ ಮುಂದೆ ಹೇಳುತ್ತೇನೆ) ಅಂತ ಇಲ್ಲದಿದ್ದರೆ ಅದನ್ನು ಬರೀ ಎಕ್ಸ್‌ಟೆನ್ಷನ್ ಬಾಕ್ಸ್ ಅಂತಲೇ ತಿಳಿಯಿರಿ.

ಆದರೆ ಬಾಕ್ಸಿಗಿಂತ ದೊಡ್ಡ ತಪ್ಪು ಮನೆಯ ಹಿಂದೆ ಇತ್ತು. ಎಲೆಕ್ಟ್ರಿಷಿಯನ್ ಅರ್ತಿಂಗ್ ಗುಂಡಿ ಎಲ್ಲಿ ಅಂತ ಕೇಳಿದರು. ಬಚ್ಚಲು ಮನೆ ಪಕ್ಕ, ದಾಸವಾಳದ ಗಿಡದ ಬುಡದಲ್ಲಿ. ಅಪ್ಪಯ್ಯ ಮನೆ ಕಟ್ಟಿಸಿದಾಗ ಇದ್ದಿಲು, ಉಪ್ಪು ಹಾಕಿ ಪೈಪು ಹೂಳಿಸಿದ್ದು. ಆಮೇಲೆ ಅದನ್ನು ಯಾರೂ ತಿರುಗಿ ನೋಡಿಲ್ಲ. ಪೈಪಿಗೆ ಬಿಗಿದಿದ್ದ ತಂತಿಯನ್ನು ಅವರು ಮುಟ್ಟಿದ್ದೇ ತಡ, ತುಕ್ಕಿನ ಪುಡಿ ಸಮೇತ ಕೈಗೆ ಬಂತು. ಅಂದರೆ ಎಷ್ಟೋ ವರ್ಷದಿಂದ ನಮ್ಮ ಮನೆಯ ಪ್ಲಗ್ಗುಗಳ ಮೂರನೇ ಪಿನ್ನು, ಅಂದರೆ ಅರ್ತ್ ಪಿನ್ನು, ಸುಮ್ನೆ ಅಲಂಕಾರಕ್ಕೆ ಇತ್ತು.

ಇದು ಯಾಕೆ ಮುಖ್ಯ ಅಂದರೆ, ಅರ್ತ್ ಇಲ್ಲದಿದ್ದರೆ ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಕೂಡ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಫೇಸ್ ಮತ್ತು ನ್ಯೂಟ್ರಲ್ ನಡುವಿನ ಏರಿಕೆಯನ್ನು ಅದು ತಡೆದೀತು. ಸಿಡಿಲಿನ ಹೊಡೆತ ಎರಡೂ ತಂತಿಯಲ್ಲಿ ಒಟ್ಟಿಗೆ ಬಂದರೆ ಅದನ್ನು ಭೂಮಿಗೇ ಇಳಿಸಬೇಕು. ಬಸಿಗಾಲುವೆ ಮುಚ್ಚಿಹೋದ ತೋಟದಲ್ಲಿ ನೀರು ಎಲ್ಲಿಗೆ ಹೋಗಬೇಕು ಹೇಳಿ? ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಹಾಕಿ ಸಿಕ್ಕಿಸುವವರಿಗೂ ಇದೇ ಗತಿ.

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಜಂಬಿಟ್ಟಿಗೆ ನೆಲ. ಏಪ್ರಿಲ್‌ನಲ್ಲಿ ಒಣಗಿ ಕಲ್ಲಾಗಿರುತ್ತದೆ. ಒಣ ನೆಲಕ್ಕೆ ಕರೆಂಟು ಸರಿಯಾಗಿ ಇಳಿಯುವುದಿಲ್ಲ. ಸಿಡಿಲು ಜಾಸ್ತಿ ಇರುವ ತಿಂಗಳಲ್ಲೇ ಅರ್ತಿಂಗ್ ಅತ್ಯಂತ ಕೆಟ್ಟದಾಗಿರುತ್ತದೆ. ಬೇಸಿಗೆಯಲ್ಲಿ ಗುಂಡಿಗೆ ಎರಡು ಕೊಡ ನೀರು ಹಾಕಿ ಅಂತ ಹಳಬರು ಹೇಳುತ್ತಿದ್ದುದು ಇದಕ್ಕೇ. ನಾನು ಅದನ್ನು ಶಾಸ್ತ್ರ ಅಂದುಕೊಂಡಿದ್ದೆ.

ಟಿವಿ ಹೋದದ್ದು ಪ್ಲಗ್ಗಿನಿಂದಲೇ ಅಂತಲೂ ಅಲ್ಲ. ರಿಪೇರಿಯವರು ಬೋರ್ಡು ತೋರಿಸಿದರು. ಸುಟ್ಟಿದ್ದು ಎಚ್‌ಡಿಎಂಐ ಪೋರ್ಟಿನ ಸುತ್ತ. ಮಾಡಿನ ಮೇಲಿನ ಡಿಶ್‌ನಿಂದ ಕೇಬಲ್, ಕೇಬಲ್‌ನಿಂದ ಸೆಟ್‌ಟಾಪ್ ಬಾಕ್ಸ್, ಅಲ್ಲಿಂದ ಟಿವಿ. ಪ್ಲಗ್ಗಿಗೆ ಎಷ್ಟು ಒಳ್ಳೆಯ ಬಾಕ್ಸ್ ಹಾಕಿದ್ದರೂ ಈ ಹಿಂಬಾಗಿಲು ತೆರೆದೇ ಇರುತ್ತಿತ್ತು. ಇಂಟರ್ನೆಟ್ಟಿನ ಫೈಬರ್ ಗಾಜು, ಅದರೊಳಗೆ ಕರೆಂಟು ಹರಿಯುವುದಿಲ್ಲ. ಆದರೆ ರೂಟರಿನ ಅಡಾಪ್ಟರ್ ಇದೆ, ಲ್ಯಾನ್ ವಯರ್ ಇದೆ.

ಈಗ ಕೊಳ್ಳುವಾಗ ನಾನು ನೋಡುವುದು ಏನು ಅಂತ ಹೇಳುತ್ತೇನೆ. ಜೂಲ್ ಅಂದರೆ ಬಾಕ್ಸಿನ ವೇರಿಸ್ಟರ್‌ಗಳು ಒಟ್ಟು ಎಷ್ಟು ಹೊಡೆತ ನುಂಗಬಲ್ಲವು ಅನ್ನುವುದು. ಟಿವಿ, ಕಂಪ್ಯೂಟರಿಗೆ 1,000 ಜೂಲ್‌ಗಿಂತ ಮೇಲಿನದನ್ನೇ ನೋಡಿ. ಇದು ಖರ್ಚಾಗುವ ಸಾಮಾನು. ಪ್ರತಿ ಹೊಡೆತಕ್ಕೂ ಸ್ವಲ್ಪ ಸ್ವಲ್ಪ ಸವೆದು ಒಂದು ದಿನ ಸಾಯುತ್ತದೆ, ಸಾಕೆಟ್ ಮಾತ್ರ ಕೆಲಸ ಮಾಡುತ್ತಲೇ ಇರುತ್ತದೆ. ಹಾಗಾಗಿ ‘ಪ್ರೊಟೆಕ್ಟೆಡ್’ ಅಂತ ಬೇರೆಯೇ ಲೈಟು ಇರುವ ಬಾಕ್ಸ್ ತಗೊಳ್ಳಿ. ಅದು ಆರಿದರೆ ಬಾಕ್ಸ್ ಬದಲಿಸುವ ಕಾಲ ಬಂತು ಅಂತ.

ಕ್ಲ್ಯಾಂಪಿಂಗ್ ವೋಲ್ಟೇಜ್ ಅಂದರೆ ಹೊಡೆತ ಬಂದಾಗ ಎಷ್ಟು ವೋಲ್ಟಿಗೆ ತಡೆದು ಹಿಡಿಯುತ್ತದೆ ಅನ್ನುವುದು. ಕೆಲವದರ ಮೇಲೆ ಇದನ್ನು ‘ಯುಪಿ’ ಅಂತ ಬರೆದಿರುತ್ತಾರೆ, ಉತ್ತರ ಪ್ರದೇಶ ಅಲ್ಲ. ಕಡಿಮೆ ಇದ್ದಷ್ಟೂ ಒಳ್ಳೆಯದು, 1.5 ಕಿಲೋವೋಲ್ಟ್ ದಾಟಬಾರದು. ‘ಯುಸಿ’ ಅನ್ನುವುದು ಬಾಕ್ಸ್ ಯಾವಾಗಲೂ ತಡೆದುಕೊಳ್ಳಬಲ್ಲ ವೋಲ್ಟೇಜು. 275 ಅಥವಾ 320 ಅಂತ ಇರುತ್ತದೆ. ನಮ್ಮಂತೆ ವೋಲ್ಟೇಜ್ ಏರಿಳಿಯುವ ಹಳ್ಳಿಗೆ 320ರದ್ದು ಕ್ಷೇಮ.

ಅಮೆರಿಕದಿಂದ ನೆಂಟರು ತಂದುಕೊಟ್ಟ ಬಾಕ್ಸ್ ಇದ್ದರೆ ಅದರ ಮೇಲೆ 330 ವೋಲ್ಟ್ ಕ್ಲ್ಯಾಂಪಿಂಗ್ ಅಂತ ಕಂಡು ಮರುಳಾಗಬೇಡಿ. ಅದು ಅಲ್ಲಿನ 120 ವೋಲ್ಟಿಗೆ ಮಾಡಿದ್ದು. ನಮ್ಮ 230 ವೋಲ್ಟಿನ ಅಲೆ ಪ್ರತಿ ಸಲವೂ 325ರ ತನಕ ಏರುತ್ತದೆ. ಇಲ್ಲಿ ಸಿಕ್ಕಿಸಿದರೆ ಸುಟ್ಟುಹೋಗಲು ಸಿಡಿಲೇ ಬೇಕು ಅಂತಿಲ್ಲ.

ನಮ್ಮ ಇನ್ವರ್ಟರ್ ಆ ಬಾಕ್ಸಿನಲ್ಲಿ ಇರಲಿಲ್ಲ, ಗೋಡೆಯ ವಯರಿಂಗಿಗೆ ನೇರ ಕೊಟ್ಟಿದ್ದು. ಅದಕ್ಕೆ, ಫ್ರಿಜ್ಜಿಗೆ, ಪಂಪಿಗೆ ಬಾಕ್ಸ್ ಏನೂ ಮಾಡಲಾರದು. ಮೇನ್ ಬೋರ್ಡಿನಲ್ಲೇ ಟೈಪ್ 2 ಎಸ್‌ಪಿಡಿ, ಅಂದರೆ ಇಡೀ ಮನೆಯ ಲೈನಿಗೇ ಸರ್ಜ್ ತಡೆಯುವ ಸಾಧನ, ಕೂರಿಸಬೇಕು. ನಾವು ಈಗ ಕೂರಿಸಿದ್ದೇವೆ. ಅದರ ಮೇಲೆ ಸಣ್ಣ ಕಿಟಕಿ ಇದೆ, ಹಸಿರು ಇದ್ದರೆ ಜೀವಂತ, ಕೆಂಪಾದರೆ ಬದಲಿಸಬೇಕು. ಕೂರಿಸುವವರಿಗೆ ಒಂದು ಮಾತು ಹೇಳಿ: ಅದರ ತಂತಿಗಳು ಒಟ್ಟು ಅರ್ಧ ಮೀಟರ್ ಮೀರಬಾರದು. ಸುರುಳಿ ಸುತ್ತಿ ಬಿಟ್ಟರೆ ಸಿಡಿಲಿನ ವೇಗದ ಕರೆಂಟಿಗೆ ಆ ತಂತಿಯೇ ಅಡ್ಡಿಯಾಗುತ್ತದೆ. ಇದನ್ನೆಲ್ಲ ಲೈಸೆನ್ಸ್ ಇರುವವರಿಂದಲೇ ಮಾಡಿಸಿ.

ಬಾಕ್ಸಾಗಲಿ ಎಸ್‌ಪಿಡಿಯಾಗಲಿ ಸ್ಟೆಬಿಲೈಸರ್ ಅಲ್ಲ, ಅದೂ ನೆನಪಿರಲಿ. ಮರ ಬಿದ್ದು ಲೈನಿನ ನ್ಯೂಟ್ರಲ್ ಕಡಿದರೆ ಮನೆಗೆ 400 ವೋಲ್ಟಿನ ಹತ್ತಿರ ಬರಬಹುದು, ಅದೂ ನಿಮಿಷಗಟ್ಟಲೆ. ವೇರಿಸ್ಟರ್ ಇರುವುದು ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಮುಗಿಯುವ ಹೊಡೆತಕ್ಕೆ. ಈ ತರದ್ದಕ್ಕೆ ಅದು ಬಿಸಿಯಾಗಿ ತಾನೇ ಸುಡುತ್ತದೆ. ವೋಲ್ಟೇಜ್ ಮೀರಿದರೆ ಲೈನ್ ಕಡಿಯುವ ಕಟಾಫ್ ಬೇರೆಯೇ ಸಿಗುತ್ತದೆ.

ಸಿಡಿಲು ನೇರ ಮನೆಗೇ ಬಿದ್ದರೆ ಈ ಯಾವ ಡಬ್ಬಿಯನ್ನೂ ನಂಬಬೇಡಿ. ಅಮ್ಮ ಮೊದಲಿಂದಲೂ ಮೋಡ ಕಟ್ಟಿದ ಕೂಡಲೇ ಟಿವಿ ಪ್ಲಗ್ ಕೀಳುತ್ತಿದ್ದರು. ಬಾಕ್ಸ್ ತಂದ ಮೇಲೆ ಬೇಡ ಅಂತ ತಡೆದವನು ನಾನೇ. ಈಗ ಪ್ಲಗ್ಗಿನ ಜೊತೆ ಡಿಶ್ ಕೇಬಲ್ಲನ್ನೂ ಕೀಳುತ್ತೇವೆ, ಗುಡುಗು ಹತ್ತಿರ ಬರುವ ಮೊದಲೇ. ಹತ್ತಿರ ಬಂದ ಮೇಲೆ ಮುಟ್ಟಲು ಹೋಗಬೇಡಿ. ಫೋನಿನಲ್ಲಿ ದಾಮಿನಿ ಆ್ಯಪ್ ಹಾಕಿಕೊಂಡಿದ್ದೇನೆ, ಸುತ್ತಮುತ್ತ ಸಿಡಿಲಿದ್ದರೆ ತಿಳಿಸುತ್ತದೆ. ಅಮ್ಮನಿಗೆ ಅದು ಬೇಕಾಗಿಲ್ಲ ಬಿಡಿ.

ಹೊಸದಾಗಿ ಎರಡು ಪೈಪು ಹೂಳಿಸಿದ ಮೇಲೂ ನಮ್ಮ ಅರ್ತ್‌ನ ರೆಸಿಸ್ಟೆನ್ಸ್ (ಕರೆಂಟು ನೆಲಕ್ಕಿಳಿಯಲು ಇರುವ ಅಡ್ಡಿ) 9 ಓಮ್‌ಗಿಂತ ಕೆಳಗೆ ಇಳಿದಿಲ್ಲ. 5ರೊಳಗೆ ಬಂದರೆ ಚೆನ್ನ ಅನ್ನುತ್ತಾರೆ ಎಲೆಕ್ಟ್ರಿಷಿಯನ್. ಜಂಬಿಟ್ಟಿಗೆ ನೆಲದಲ್ಲಿ ಇದನ್ನು ಸರಿ ಮಾಡಿಸಿಕೊಂಡವರು ಯಾರಾದರೂ ಇದ್ದರೆ ಹೇಗೆ ಮಾಡಿಸಿದಿರಿ ಅಂತ ತಿಳಿಸಿ.