ಕೋಲಾರದ ‘ಬ್ರೇಕ್ ಶೆಡ್ಡು’: ಹಳೇ ಡೀಸೆಲ್ ಪಿಕಪ್ ಇಟ್ಟುಕೊಂಡವರಿಗಾಗಿ

ಕೋಲಾರದಿಂದ ಬಂಗಾರಪೇಟೆ ಕಡೆ ಹೋಗುವ ರಸ್ತೆಯಲ್ಲಿ ಬೋರ್ಡಿಲ್ಲದ ಒಂದು ತಗಡಿನ ಶೆಡ್ ಇದೆ. ಟೊಮೆಟೊ ಲೋಡ್ ಹೊಡೆಯುವ ನಾವೆಲ್ಲ ಅದನ್ನು ‘ಬ್ರೇಕ್ ಶೆಡ್ಡು’ ಅಂತಲೇ ಕರೆಯುವುದು. ಅಲ್ಲಿ ಇಂಜಿನ್ ಬಿಚ್ಚುವುದಿಲ್ಲ, ಗೇರ್‌ಬಾಕ್ಸ್ ಮುಟ್ಟುವುದಿಲ್ಲ, ಟಿಂಕರಿಂಗ್ ಪೇಂಟಿಂಗ್ ಕೇಳಲೇಬೇಡಿ. ಬ್ರೇಕ್, ಸ್ಟೇರಿಂಗ್, ಎರಡೇ ಕೆಲಸ. ನನ್ನ ಗಾಡಿ ಅಲ್ಲಿ ಕೆಲಸ ಮಾಡಿಸಿಕೊಂಡು ಬಂದು ಒಂದು ಸೀಜನ್ ಪೂರ್ತಿ ಓಡಿದೆ. ಇನ್ನು ಬರೆಯಬಹುದು ಅನ್ನಿಸಿತು.

ನಮ್ಮದು ವಕ್ಕಲೇರಿ ಹೋಬಳಿ. ಗಾಡಿ 2009ರ ಡೀಸೆಲ್ ಪಿಕಪ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮುಂದೆ ಡಿಸ್ಕ್, ಹಿಂದೆ ಡ್ರಮ್, ಪವರ್ ಸ್ಟೇರಿಂಗ್. ನಾನೂ ನನ್ನ ತಮ್ಮನೂ ಸರದಿಯಲ್ಲಿ ಓಡಿಸುತ್ತೇವೆ. ಹದಿನೈದು ಕೆ.ಜಿ. ಬಾಕ್ಸ್ ಎಂಬತ್ತು ಹಾಕಿದರೆ 1200 ಕೆ.ಜಿ. ಆಯಿತು, ಖಾಲಿ ಬಾಕ್ಸಿನ ತೂಕ ಬೇರೆ. ಅಷ್ಟಕ್ಕೇ ನಿಲ್ಲಿಸುವವರು ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಎಷ್ಟು ಜನ ಅಂತ ನಿಮಗೇ ಗೊತ್ತು. ಊರಿನಿಂದ ಯಾರ್ಡಿಗೆ ಓಡಿಸುವಾಗ ಯಾವ ತೊಂದರೆಯೂ ಕಾಣುವುದಿಲ್ಲ, ರಸ್ತೆ ಸಮ. ಮುಳಬಾಗಿಲು, ನಂಗಲಿ ದಾಟಿ, ಪಲಮನೇರು ಆದಮೇಲೆ ಮೊಗಿಲಿ ಘಾಟ್ ಇಳಿಯಬೇಕಲ್ಲ, ಗಾಡಿಯ ನಿಜವಾದ ಸ್ಥಿತಿ ಗೊತ್ತಾಗುವುದು ಅಲ್ಲಿ. ತಮ್ಮ ಚಿತ್ತೂರಿಗೆ ಲೋಡ್ ಇಳಿಸಿ ಬಂದವನು ಮೂರು ದೂರು ಹೇಳಿದ. ಮೇಲಿಂದ ಮೇಲೆ ಒತ್ತಿದರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಜೋರಾಗಿ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಸ್ಟೇರಿಂಗ್ ಎರಡು ಬೆರಳಿನಷ್ಟು ಸುಮ್ಮನೆ ಆಡುತ್ತದೆ.

ಮೊದಲು ತೋರಿಸಿದ್ದು ಹೈವೇ ಪಕ್ಕದ ಒಂದು ದೊಡ್ಡ ಗ್ಯಾರೇಜಿನಲ್ಲಿ. ಗಾಡಿಯನ್ನು ಅಲ್ಲೇ ಒಂದು ಸುತ್ತು ಓಡಿಸಿ ಬಂದು, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ಲನ್ನು ಚಕ್ರಗಳ ಕಡೆ ನೂಕುವ ಭಾಗ) ಹೊಸದು, ಸ್ಟೇರಿಂಗ್ ಬಾಕ್ಸ್ (ಸ್ಟೇರಿಂಗ್ ತಿರುಗಿಸಿದ್ದನ್ನು ಚಕ್ರಗಳಿಗೆ ಮುಟ್ಟಿಸುವ ಗೇರಿನ ಪೆಟ್ಟಿಗೆ) ಹೊಸದು, ಒಟ್ಟು 32,000 ರೂಪಾಯಿ ಅಂದರು. ಚಕ್ರ ಒಂದನ್ನೂ ಬಿಚ್ಚಿರಲಿಲ್ಲ. ನಾನು ಬೀಗದ ಕೈ ಇಸಿದುಕೊಂಡು ಶೆಡ್ಡಿಗೆ ಬಂದೆ.

ಇಲ್ಲಿಯ ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು. ಜೊತೆಗೆ ಇಬ್ಬರು ಹುಡುಗರು. ದೂರು ಕೇಳಿಸಿಕೊಂಡು, ‘ಬಿಚ್ಚೋದು ಆಮೇಲಣ್ಣಾ, ಮೊದ್ಲು ಕೂತ್ಕಳಿ, ನೋಡಾಣ’ ಅಂತ ನನ್ನನ್ನೇ ಸೀಟಿನಲ್ಲಿ ಕೂರಿಸಿದರು. ಇಂಜಿನ್ ಆಫ್ ಮಾಡಿಸಿ ಪೆಡಲನ್ನು ಗಟ್ಟಿಯಾಗುವ ತನಕ ಒತ್ತಿಸಿದರು. ಕಾಲು ತೆಗೆಯದೆ ಹಾಗೇ ಸ್ಟಾರ್ಟ್ ಮಾಡಿ ಅಂದರು. ಸರಿಯಿರುವ ಗಾಡಿಯಲ್ಲಿ ಸ್ಟಾರ್ಟ್ ಆದೊಡನೆ ಪೆಡಲ್ ಕಾಲ ಕೆಳಗೆ ಸ್ವಲ್ಪ ಇಳಿಯಬೇಕು. ನನ್ನದು ಅಲುಗಲೇ ಇಲ್ಲ. ಬಹಳ ಹೊತ್ತಿನ ಮೇಲೆ ನಿಧಾನಕ್ಕೆ ಇಳಿಯಿತು. ‘ಮಾಸ್ಟರ್ ಅಲ್ಲ, ವ್ಯಾಕ್ಯೂಮ್’ ಅಂದರು.

ಇದನ್ನು ಡೀಸೆಲ್ ಗಾಡಿಯವರೆಲ್ಲ ತಿಳಿದಿರಬೇಕು. ಪೆಟ್ರೋಲ್ ಇಂಜಿನ್ ಗಾಳಿ ಎಳೆಯುವಾಗ ಹುಟ್ಟುವ ವ್ಯಾಕ್ಯೂಮೇ, ಅಂದರೆ ಗಾಳಿ ಕಡಿಮೆಯಾದ ಎಳೆತವೇ, ಕಾಲಿನ ಬಲವನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರಿಗೆ ಸಾಕಾಗುತ್ತದೆ. ಹಳೇ ಡೀಸೆಲ್ ಇಂಜಿನ್ನಿನಲ್ಲಿ ಗಾಳಿಯನ್ನು ಅಡ್ಡಗಟ್ಟುವ ಥ್ರಾಟಲ್ ಇಲ್ಲ, ಹಾಗಾಗಿ ಬೇರೆ ಪಂಪ್ ಬೇಕು. ನನ್ನ ಗಾಡಿಯಲ್ಲಿ ಆ ಪಂಪ್ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬೆನ್ನಿಗೇ ಇದೆ, ತಿರುಗುವುದು ಅದೇ ಬೆಲ್ಟಿನಿಂದ. ಅಂದಮೇಲೆ ಚಾರ್ಜಿಂಗ್ ಲೈಟ್ ಹತ್ತಿದರೆ ಬರೀ ಬ್ಯಾಟರಿ ಸಮಸ್ಯೆ ಅಂದುಕೊಂಡು ಊರು ಮುಟ್ಟಿಸಲು ಹೋಗಬೇಡಿ. ಬೆಲ್ಟ್ ತುಂಡಾಗಿದ್ದರೆ ಬ್ರೇಕಿಗೆ ಬಲ ಕೊಡುವ ಪಂಪೂ ನಿಂತಿರುತ್ತದೆ. ಬೂಸ್ಟರಿನಲ್ಲಿ ಉಳಿದದ್ದು ಕೆಲವು ಸಲ ಒತ್ತುವುದರಲ್ಲಿ ಮುಗಿಯುತ್ತದೆ. ಡೀಸೆಲ್ ಉಳಿಸಬೇಕು ಅಂತ ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡುವ ಹುಡುಗರಿಗೆ ಇದನ್ನು ಕೂರಿಸಿ ಹೇಳಿ. ಇಂಜಿನ್ ನಿಂತರೆ ಬ್ರೇಕಿನ ಬಲವೂ ಹೋಗುತ್ತದೆ, ಪವರ್ ಸ್ಟೇರಿಂಗೂ ಹೋಗುತ್ತದೆ. ಎರಡೂ ಒಟ್ಟಿಗೆ.

ಮೇಸ್ತ್ರಿ ಪಂಪಿಗೆ ಗೇಜ್ ಹಾಕಿ ನೋಡಿದರು, ಪಂಪ್ ಚೆನ್ನಾಗಿತ್ತು. ಬೂಸ್ಟರಿಗೆ ಹೋಗುವ ರಬ್ಬರ್ ಪೈಪು ಕ್ಲಾಂಪಿನ ಅಡಿಯಲ್ಲಿ ಸೀಳಿತ್ತು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವಂತಿರಲಿಲ್ಲ. ಅದನ್ನು ಬಗ್ಗಿಸಿ ಸೀಳು ತೋರಿಸಿ, ನನ್ನ ಕೈಗೆ ಕೊಟ್ಟರು. ಹೊಸ ಪೈಪಿಗೆ 280 ರೂಪಾಯಿ. ಸೀಟಿನಲ್ಲಿ ಕೂತು ಮತ್ತೆ ಅದೇ ಪರೀಕ್ಷೆ ಮಾಡಿದೆ, ಪೆಡಲ್ ಇಳಿಯಿತು. ಆ ಹೊತ್ತಿಗೇ ನನಗೆ ಇವರ ಮೇಲೆ ನಂಬಿಕೆ ಬಂತು.

ಎಡಕ್ಕೆ ಎಳೆಯುವುದಕ್ಕೆ ಕಾರಣ ಬಲಗಡೆ ಇತ್ತು. ಮುಂದಿನ ಬಲ ಕ್ಯಾಲಿಪರಿನ (ಡಿಸ್ಕನ್ನು ಅಮುಕಿ ಹಿಡಿಯುವ ಭಾಗ) ಪಿನ್ನುಗಳು ತುಕ್ಕು ಹಿಡಿದು ಜಾಮ್ ಆಗಿದ್ದವು. ಬಲ ಚಕ್ರ ಸರಿಯಾಗಿ ಹಿಡಿಯದಿದ್ದರೆ ಗಾಡಿ ಹಿಡಿಯುವ ಕಡೆಗೆ, ಅಂದರೆ ಎಡಕ್ಕೆ ತಿರುಗುತ್ತದೆ. ಪಿನ್ ಉಜ್ಜಿ, ಅದಕ್ಕೆಂದೇ ಬರುವ ಗ್ರೀಸ್ ಹಾಕಿ, ಹರಿದಿದ್ದ ರಬ್ಬರ್ ಬೂಟು ಬದಲಾಯಿಸಿದರು.

ಹಿಂದಿನ ಡ್ರಮ್‌ಗಳ ಕೆಲಸ ದೊಡ್ಡದಾಯಿತು. ಎಡ ಡ್ರಮ್ ಬಿಚ್ಚಿದಾಗ ಬ್ರೇಕ್ ಶೂಗಳ ಲೈನರ್ (ಡ್ರಮ್ಮಿಗೆ ಉಜ್ಜುವ ಪದರ) ಮೇಲೆ ಆಕ್ಸಲ್ ಆಯಿಲ್ ಹರಿದಿತ್ತು. ಇಂಥ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು, ಸ್ಯಾಂಡ್ ಪೇಪರ್ ಉಜ್ಜಿ ವಾಪಸ್ ಹಾಕುವುದನ್ನು ನಾನು ಬೇರೆ ಕಡೆ ಕಂಡಿದ್ದೇನೆ. ಎಣ್ಣೆ ಲೈನರಿನ ಒಳಕ್ಕೆ ಇಳಿದಿರುತ್ತದೆ, ಡ್ರಮ್ ಬಿಸಿಯಾದ ತಕ್ಷಣ ಮತ್ತೆ ಮೇಲೆ ಬರುತ್ತದೆ. ಮೇಸ್ತ್ರಿ ಎರಡೂ ಕಡೆಯ ಶೂ ಹೊಸದೇ ಹಾಕಬೇಕು ಅಂದರು. ಒಂದೇ ಕಡೆ ಬದಲಾಯಿಸಿದರೆ ಹಿಂಬದಿ ಒಂದು ಕಡೆಗೆ ಜಾರುತ್ತದಂತೆ. ಆಯಿಲ್ ಸೀಲ್ ಹೊಸದು ಹಾಕಿದರು. ಸೀಲ್ ಹೋಗಿದ್ದು ಯಾಕೆ ಅಂತಲೂ ನೋಡಿದರು. ಆಕ್ಸಲ್ ಹೌಸಿಂಗ್ ಮೇಲೆ ಸಣ್ಣ ಬ್ರೀದರ್ ಒಂದು ಇರುತ್ತದೆ, ಒಳಗಿನ ಬಿಸಿ ಗಾಳಿ ಹೊರಗೆ ಹೋಗಲು. ತೋಟದ ಕೆಸರು ಮೆತ್ತಿಕೊಂಡು ಅದು ಮುಚ್ಚಿಹೋಗಿತ್ತು. ಗಾಳಿಗೆ ದಾರಿ ಇಲ್ಲದೆ ಒತ್ತಡ ಸೀಲಿನ ಮೇಲೆ ಬಿದ್ದು ಆಯಿಲ್ಲನ್ನು ಹೊರಗೆ ನೂಕಿದೆ. ಅದನ್ನು ಬಿಡಿಸದೆ ಹೊಸ ಸೀಲ್ ಹಾಕಿದ್ದರೆ ಅದೂ ಸೋರುತ್ತಿತ್ತು. ಕೆಸರು ತೋಟಕ್ಕೆ ಗಾಡಿ ಇಳಿಸುವ ರೈತರು ಆ ಬ್ರೀದರನ್ನು ಆಗಾಗ ಒರೆಸಿಕೊಳ್ಳಿ, ಕಾಸು ಖರ್ಚಿಲ್ಲದ ಕೆಲಸ.

ಡ್ರಮ್ ಒಳಗೆ ಗೀರು ಬಿದ್ದಿತ್ತು, ಲೇತಿಗೆ ಕಳಿಸಿದರು. ಕಳಿಸುವ ಮುಂಚೆ ಅಳತೆ ತೆಗೆದರು. ಡ್ರಮ್ ಎಷ್ಟರವರೆಗೆ ಅಗಲವಾಗಬಹುದು ಅನ್ನುವ ಅಂಕಿ ಡ್ರಮ್ಮಿನ ಮೇಲೇ ಎರಕದಲ್ಲಿ ಇರುತ್ತದೆ, ದಾಟಿದರೆ ಎಸೆಯಬೇಕು. ಇನ್ನೊಂದು ನನಗೆ ತುಂಬಾ ಹಿಡಿಸಿತು. ಡ್ರಮ್ ಒಳಗಿನ ಕಪ್ಪು ಪುಡಿಯನ್ನು ಹುಡುಗ ಏರ್ ಗನ್ನಿನಿಂದ ಊದಲು ಹೋದ. ಮೇಸ್ತ್ರಿ ಗದರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸು ಅಂದರು. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಆ ಧೂಳು ಎದೆಗೆ ಹೋದರೆ ವರ್ಷಗಳ ಮೇಲೆ ರೋಗವಾಗಿ ಕಾಣಿಸುತ್ತದೆ. ಕೆಲಸ ಕಲಿಯಲು ಬಂದ ಮಕ್ಕಳ ಉಸಿರಿನ ಬಗ್ಗೆ ಯೋಚಿಸುವ ಶೆಡ್ ನಮ್ಮ ಕಡೆ ಅಪರೂಪ.

ಗಾಡಿಯ ಕೆಳಗೆ ಮಲಗಿದ್ದಾಗ ಅವರು ಇನ್ನೊಂದನ್ನು ಕಂಡುಹಿಡಿದರು. ಹಿಂದಿನ ಮಾಲೀಕರು ಲೋಡಿಗೆ ಅಂತ ಹಿಂಬದಿಯ ಸ್ಪ್ರಿಂಗಿಗೆ ಎಕ್ಸ್‌ಟ್ರಾ ಪಟ್ಟಿ ಹಾಕಿಸಿದ್ದರು. ಚಾಸಿಗೂ ಆಕ್ಸಲ್‌ಗೂ ನಡುವೆ ಒಂದು ಕಡ್ಡಿ ಜೋಡಿಸಿದ ವಾಲ್ವ್ ಇದೆ. ಗಾಡಿ ಲೋಡಿಗೆ ಎಷ್ಟು ಕುಸಿದಿದೆ ಅನ್ನುವುದನ್ನು ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕು ಅಂತ ಅದು ತೀರ್ಮಾನಿಸುತ್ತದೆ. ಪಟ್ಟಿ ಹೆಚ್ಚಾದರೆ ಪೂರ್ತಿ ಲೋಡಿಗೂ ಗಾಡಿ ಕುಸಿಯುವುದಿಲ್ಲ. ವಾಲ್ವ್ ಗಾಡಿ ಖಾಲಿ ಅಂದುಕೊಂಡು ಹಿಂದಕ್ಕೆ ಬಲವೇ ಬಿಡುವುದಿಲ್ಲ. ಎಲ್ಲಾ ಭಾರ ಮುಂದಿನ ಡಿಸ್ಕ್ ಮೇಲೆ. ಕೋಲಾರದಲ್ಲಿ ಎಕ್ಸ್‌ಟ್ರಾ ಪಟ್ಟಿ ಹಾಕಿಸದ ಪಿಕಪ್ ಹುಡುಕುವುದು ಕಷ್ಟ. ಹಾಕಿಸಿದವರಲ್ಲಿ ಈ ಕಡ್ಡಿಯನ್ನು ನೋಡಿಸಿದವರು ಎಷ್ಟು ಮಂದಿ ಇದ್ದಾರೋ ಅನ್ನುವುದೇ ನನಗೆ ಭಯ. ನಾನು ಒಂದು ಪಟ್ಟಿ ತೆಗೆಸಿದೆ, ಕಡ್ಡಿಯನ್ನು ಮತ್ತೆ ಹೊಂದಿಸಿಕೊಟ್ಟರು. ಲೋಡ್ ಈಗ ಕಡಿಮೆಯೇ ಹಾಕುತ್ತೇವೆ.

ಸ್ಟೇರಿಂಗ್ ವಿಷಯಕ್ಕೆ ಬಂದರೆ, ಹೊಸ ಬಾಕ್ಸ್ ಬೇಕು ಅಂದಿದ್ದರಲ್ಲ, ಬೇಕಿರಲಿಲ್ಲ. ಚಕ್ರ ನೆಲದ ಮೇಲೇ ಇರಲಿ ಅಂತ ಹೇಳಿ, ತಮ್ಮನನ್ನು ಸೀಟಿನಲ್ಲಿ ಕೂರಿಸಿ, ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಚೂರೇ ಚೂರು ಆಡಿಸಲು ಹೇಳಿದರು. ತಾವು ಕೆಳಗೆ ಮಲಗಿ ಒಂದೊಂದು ಜಾಯಿಂಟಿನ ಮೇಲೆ ಕೈ ಇಟ್ಟರು. ನಾಡಿ ಹಿಡಿದು ನೋಡುವ ಪಂಡಿತರ ಹಾಗೆ. ಆಮೇಲೆ ನನ್ನನ್ನೂ ಕರೆದು ಕೈ ಇಡಿಸಿದರು. ಎಡ ಟೈ ರಾಡ್ ಎಂಡ್, ಅಂದರೆ ಚಕ್ರ ತಿರುಗಿಸುವ ಕಡ್ಡಿಯ ತುದಿಯ ಜಾಯಿಂಟ್, ಟಕ್ ಟಕ್ ಅಂತ ಬೆರಳಿಗೇ ಬಡಿಯುತ್ತಿತ್ತು. ಸ್ಟೇರಿಂಗ್ ಬಾಕ್ಸಿನಿಂದ ಬರುವ ಡ್ರ್ಯಾಗ್ ಲಿಂಕ್ ಕಡ್ಡಿಯ ಒಂದು ತುದಿಯೂ ಹಾಗೇ. ಆಮೇಲೆ ಜಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರು: ಅಲ್ಲಿ ಆಟ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ನಮ್ಮದರಲ್ಲಿ ಇರಲಿಲ್ಲ.

ಬಾಕ್ಸಿನ ಮೇಲಿನ ಸ್ಕ್ರೂವನ್ನು ಹಿಂದೆ ಯಾರೋ ಬಿಗಿದಿದ್ದರು. ಆಟ ಬಂತು ಅಂದರೆ ಸಾಕು, ಆ ಸ್ಕ್ರೂ ಬಿಗಿದು ಕಳಿಸುವುದು ಸುಲಭದ ದಾರಿ. ಜಾಯಿಂಟ್ ಸವೆದಿರುವಾಗ ಬಾಕ್ಸ್ ಬಿಗಿದರೆ ನೇರ ದಾರಿಯಲ್ಲಿ ಸ್ಟೇರಿಂಗ್ ಕಚ್ಚಿಕೊಳ್ಳುತ್ತದೆ, ತಿರುವು ಮುಗಿದಮೇಲೆ ತಾನಾಗಿ ವಾಪಸ್ ಬರುವುದಿಲ್ಲ, ಒಳಗಿನ ಹಲ್ಲುಗಳೂ ಬೇಗ ಸವೆಯುತ್ತವೆ. ತಮ್ಮ ಇದನ್ನೂ ಹೇಳಿದ್ದ, ಗಾಡಿಯೇ ಭಾರ ಅಂದುಕೊಂಡು ನಾವು ಬಿಟ್ಟಿದ್ದೆವು. ಮೇಸ್ತ್ರಿ ಮೊದಲು ಎರಡು ಎಂಡ್ ಹೊಸದು ಹಾಕಿದರು, ಆಮೇಲೆ ಸ್ಕ್ರೂ ಸಡಿಲಿಸಿ ಹದ ನೋಡಿದರು. ಎಂಡಿನ ನಟ್ಟಿಗೆ ಹಳೇ ಸ್ಪ್ಲಿಟ್ ಪಿನ್ ವಾಪಸ್ ಹಾಕಲು ಹುಡುಗನಿಗೆ ಬಿಡಲಿಲ್ಲ. ತೂತು ಹೊಂದದಿದ್ದರೆ ನಟ್ಟನ್ನು ಸಡಿಲಿಸಿ ಹೊಂದಿಸಬಾರದು, ಇನ್ನಷ್ಟು ಬಿಗಿದು ಹೊಂದಿಸಬೇಕು. ಸ್ಟೇರಿಂಗಿನ ಯಾವ ಭಾಗಕ್ಕೂ ವೆಲ್ಡಿಂಗ್ ಮಾಡಿಕೊಡುವುದಿಲ್ಲ. ನನ್ನೆದುರಿಗೇ ಒಬ್ಬರು ಎಷ್ಟು ಬೇಡಿದರೂ ಒಪ್ಪಲಿಲ್ಲ.

ಕೊನೆಗೆ ಬ್ರೇಕ್ ಆಯಿಲ್. ಹಳೆಯದು ಕಾಫಿ ಬಣ್ಣಕ್ಕೆ ತಿರುಗಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕಡಿಮೆಯೆಂದರೂ 230 ಡಿಗ್ರಿ ತಡೆಯಬೇಕು, ತೇವ ಹಿಡಿದಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205, ತೇವಕ್ಕೆ 140. ಘಾಟಿನಲ್ಲಿ ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ. ಅರ್ಧ ಬಳಸಿಟ್ಟ ಡಬ್ಬಿಯಿಂದ ಹಾಕದೆ ನನ್ನ ಮುಂದೆಯೇ ಸೀಲ್ ಒಡೆದರು. ಮಾಸ್ಟರಿನಿಂದ ದೂರ ಇರುವ ಹಿಂದಿನ ಎಡ ಚಕ್ರದಿಂದ ಶುರುಮಾಡಿ ಏರ್ ತೆಗೆದರು, ಕೊನೆಗೆ ಮುಂದಿನ ಬಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ ಅಂದರು. ವೀಲ್ ಸಿಲಿಂಡರ್ ರಬ್ಬರನ್ನು ಡೀಸೆಲ್, ಸೀಮೆಎಣ್ಣೆಯಲ್ಲಿ ತೊಳೆಯುವವರ ಹತ್ತಿರ ಗಾಡಿ ಬಿಡಲೇಬೇಡಿ, ಆ ರಬ್ಬರ್ ಊದಿಕೊಂಡು ಬ್ರೇಕ್ ಜಾಮ್ ಆಗುತ್ತದೆ.

ಒಟ್ಟು ಆಗಿದ್ದು 11,400 ರೂಪಾಯಿ, ಲೇತ್ ಕೂಲಿ ಸೇರಿ. ಬಿಚ್ಚಿದ ಸಾಮಾನನ್ನೆಲ್ಲ ಗೋಣಿಚೀಲದಲ್ಲಿ ಹಾಕಿ ಕೊಟ್ಟರು.

ಹಿಡಿಸದ್ದನ್ನೂ ಹೇಳಬೇಕು. ಸಂಜೆಗೆ ಕೊಡುತ್ತೇನೆ ಅಂದ ಗಾಡಿ ಮಾರನೇ ದಿನ ಕತ್ತಲಾದರೂ ಸಿಗಲಿಲ್ಲ. ಕೊಯ್ದ ಹಣ್ಣು ತೋಟದಲ್ಲಿ ಕೂತಿದ್ದರೆ ಅದು ಸಣ್ಣ ವಿಷಯ ಅಲ್ಲ; ಬಾಡಿಗೆ ಗಾಡಿ ಹಿಡಿದು ಕಳಿಸಿದೆವು. ಫೋನ್ ಎತ್ತುವುದಿಲ್ಲ. ಬಿಲ್ ಅಂದರೆ ನೋಟ್‌ಬುಕ್ಕಿನ ಹಾಳೆ, ಜಿಎಸ್‌ಟಿ ಬಿಲ್ ಬೇಕಾದವರಿಗೆ ಆಗಿಬರುವುದಿಲ್ಲ. ಹ್ಯಾಂಡ್ ಬ್ರೇಕ್ ಕೇಬಲ್ ಹೊಂದಿಸುವುದನ್ನು ಮರೆತಿದ್ದರು, ನಾನು ವಾಪಸ್ ಹೋಗಬೇಕಾಯಿತು. ಕಾಸು ಕೇಳದೆ ಅಲ್ಲೇ ಮಾಡಿಕೊಟ್ಟರು, ಆದರೂ ಬ್ರೇಕಿಗೇ ಹೆಸರಾದ ಶೆಡ್ಡಿನಲ್ಲಿ ಅದು ಆಗಬಾರದು. ಅಲೈನ್‌ಮೆಂಟ್ ಮಷಿನ್ ಇಲ್ಲ. ನೂಲು ಕಟ್ಟಿ ಅಂದಾಜಿಗೆ ಹೊಂದಿಸಿ, ಮಷಿನ್ ಇರುವ ಟೈರ್ ಅಂಗಡಿಗೆ ಕಳಿಸುತ್ತಾರೆ. ಕಳಿಸಿದ ಮೇಲೆ ಹೋಗದೆ ಬಿಡಬೇಡಿ, ಟೈ ರಾಡ್ ಎಂಡ್ ಬದಲಾದ ಮೇಲೆ ಅಲೈನ್‌ಮೆಂಟ್ ಇಲ್ಲದಿದ್ದರೆ ಮುಂದಿನ ಟೈರು ಬೇಗ ತಿಂದುಹೋಗುತ್ತದೆ.

ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ವರ್ಷ ವರ್ಷವೂ ಫಿಟ್‌ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿ ಆಗಬೇಕು. ಎಫ್‌ಸಿ ಹತ್ತಿರ ಬಂದಾಗ ಮಾತ್ರ ಬ್ರೇಕ್ ನೋಡಿಸುವುದು ನಮ್ಮಲ್ಲಿ ರೂಢಿಯಾಗಿದೆ. 2023ರ ಜುಲೈನಲ್ಲಿ ಟೊಮೆಟೊ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿದಾಗ ಯಾರ್ಡಿನ ಗಾಡಿಗಳಿಗೆ ಹಗಲು ರಾತ್ರಿ ಅನ್ನುವುದೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಚಕ್ರ ಬಿಚ್ಚಿ ನೋಡಲು ಯಾರಿಗೂ ಮನಸ್ಸು ಬರುವುದಿಲ್ಲ. ಅದಕ್ಕೇ ಸೀಜನ್ ಶುರುವಾಗುವ ಮೊದಲೇ, ಏಪ್ರಿಲ್ ಮೇ ತಿಂಗಳಲ್ಲಿ ಮಾಡಿಸಿಕೊಳ್ಳಿ ಅನ್ನುತ್ತೇನೆ. ಈ ಸಲ ತಮ್ಮ ಮೊಗಿಲಿ ಘಾಟನ್ನು ಲೋಡಿನ ಸಮೇತ ಸೆಕೆಂಡ್ ಗೇರಿನಲ್ಲಿ ಇಳಿದ. ಘಾಟಿನ ಮೇಲಿಂದ ಕೆಳಗಿನ ತನಕ ಪೆಡಲ್ ಒಂದೇ ಹದದಲ್ಲಿತ್ತು, ಗಾಡಿ ನೇರ ನಿಂತಿತು ಅಂದ. ಹಿಂದೆ ಆ ದಾರಿಗೆ ಅವನನ್ನು ಕಳಿಸಿದ ರಾತ್ರಿ ನಮ್ಮಮ್ಮ ಮಲಗುತ್ತಿರಲಿಲ್ಲ.

ಹೋಗುವವರು ಬೆಳಗ್ಗೆ ಎಂಟಕ್ಕೆ ಮುಂಚೆ ಹೋಗಿ, ಆಮೇಲೆ ಸಾಲು ನಿಲ್ಲುತ್ತದೆ. ಗಾಡಿ ಖಾಲಿ ಇರಲಿ, ಅಡಿಯ ಕೆಸರು ತೊಳೆದಿರಲಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಸ್ಟೇರಿಂಗ್ ಆಡಿಸಲು ಜನ ಬೇಕು. ಸಾಮಾನು ನೀವೇ ತಂದರೂ ಹಾಕುತ್ತಾರೆ, ಆದರೆ ಕಂಪನಿ ಡಬ್ಬಿಯಿಲ್ಲದ ಲೂಸ್ ಲೈನರ್ ತಂದರೆ ವಾಪಸ್ ಕಳಿಸುತ್ತಾರೆ. ಶುಕ್ರವಾರ ಮಧ್ಯಾಹ್ನ ಶೆಡ್ ಮುಚ್ಚಿರುತ್ತದೆ, ನಾಲ್ಕರ ಮೇಲೆ ತೆಗೆಯುತ್ತಾರೆ.